ಆಸ್ಪತ್ರೆ ಬಾಗಿಲಲ್ಲೇ ನಿಂತ ಆಂಬುಲೆನ್ಸ್: ರೋಗಿಯನ್ನು ಒಳಗೆ ಸೇರಿಸಿಕೊಳ್ಳಲು ತಡವೇಕೆ?

ಪ್ರಶ್ನೆ: ಕಳೆದ ತಿಂಗಳು ಒಂದು ರಾತ್ರಿ ಅಪ್ಪನಿಗೆ (71 ವರ್ಷ) ಏದುಸಿರು ಹೆಚ್ಚಾಗಿ, 108ರಲ್ಲಿ ಹಾಸನಕ್ಕೆ ಕರೆದುಕೊಂಡು ಬಂದೆವು. ದಾರಿಗೆ ಒಂದು ಗಂಟೆ ಹಿಡಿಯಿತು. ಆಸ್ಪತ್ರೆ ಮುಟ್ಟಿದ ಮೇಲೂ ಮುಕ್ಕಾಲು ಗಂಟೆ ಆಂಬುಲೆನ್ಸಿನ ಸ್ಟ್ರೆಚರ್ ಮೇಲೇ ಮಲಗಿದ್ದರು. ‘ಬೆಡ್ ಖಾಲಿ ಇಲ್ಲ’ ಎಂದರು. ಹೀಗೇಕೆ ಆಗುತ್ತದೆ? ನಾವು ಏನಾದರೂ ಮಾಡಬಹುದಿತ್ತೇ?
– ಸಕಲೇಶಪುರ ತಾಲ್ಲೂಕಿನ ಓದುಗರು

ಉತ್ತರ: ಬಾಗಿಲಲ್ಲಿ ನಿಂತ ಸಾಲಿನ ಬುಡ ಇರುವುದು ವಾರ್ಡಿನಲ್ಲಿ. ಕ್ಯಾಶುವಾಲ್ಟಿಯಲ್ಲಿ (ತುರ್ತು ಚಿಕಿತ್ಸಾ ವಿಭಾಗದಲ್ಲಿ) ತಪಾಸಣೆ ಮುಗಿದು ‘ಅಡ್ಮಿಟ್’ ಎಂದು ಬರೆಸಿಕೊಂಡ ರೋಗಿಗೆ ವಾರ್ಡಿನಲ್ಲಿ ಮಂಚ ಸಿಗದಿದ್ದರೆ ಅವರು ಅಲ್ಲೇ ಉಳಿಯುತ್ತಾರೆ. ಅವರು ಕದಲದೆ ನಿಮ್ಮ ತಂದೆಗೆ ಜಾಗವಾಗದು. ವಾರ್ಡಿನಲ್ಲಿ ಗುಣವಾದವರ ಡಿಸ್ಚಾರ್ಜ್ ಚೀಟಿ ಬೆಳಗಿನ ರೌಂಡ್ಸ್ ಮುಗಿದು, ಬರೆದು, ಸಹಿಯಾಗಿ ಕೈಗೆ ಬರುವಷ್ಟರಲ್ಲಿ ಮಧ್ಯಾಹ್ನ ದಾಟಿರುತ್ತದೆ. ಹಾಸನ ಜಿಲ್ಲೆಯ ಎಂಟೂ ತಾಲ್ಲೂಕುಗಳ ದೊಡ್ಡ ಕೇಸುಗಳು ಜಿಲ್ಲಾ ಕೇಂದ್ರಕ್ಕೇ ಬರುತ್ತವೆ. ತಾಲ್ಲೂಕಿನಲ್ಲೇ ನೋಡಬಹುದಾದ ಜ್ವರ, ಸಣ್ಣ ಗಾಯಗಳೂ ‘ಹಾಸನಕ್ಕೇ ಹೋಗಿಬಿಡೋಣ’ ಎಂದು ಬಂದರೆ ಒತ್ತಡ ಇನ್ನೂ ಏರುತ್ತದೆ.

ಇನ್ನೊಂದು ಕಾರಣ ಸ್ಟ್ರೆಚರ್. ಆಸ್ಪತ್ರೆಯ ಟ್ರಾಲಿ ಖಾಲಿಯಾಗುವವರೆಗೆ ರೋಗಿ ಆಂಬುಲೆನ್ಸಿನ ಸ್ಟ್ರೆಚರ್ ಮೇಲೇ ಇರಬೇಕು, ಸ್ಟ್ರೆಚರ್ ಬಿಟ್ಟು ಗಾಡಿ ಹೊರಡುವ ಹಾಗಿಲ್ಲ. ಡಾಕ್ಟರ್ ಅಥವಾ ಸ್ಟಾಫ್ ನರ್ಸ್ ಸಹಿ ಹಾಕಿ ತಮ್ಮ ಸುಪರ್ದಿಗೆ ತೆಗೆದುಕೊಳ್ಳುವವರೆಗೆ ರೋಗಿಯ ಹೊಣೆ ಇಎಂಟಿಯದು (ಆಂಬುಲೆನ್ಸಿನಲ್ಲಿ ಬರುವ ತುರ್ತು ಚಿಕಿತ್ಸಾ ಸಿಬ್ಬಂದಿಯದು). ಆಮೇಲೂ ಗಾಡಿ ಒರೆಸಿ, ಹಾಸು ಬದಲಿಸಿ, ಆಕ್ಸಿಜನ್ ನೋಡಿಕೊಂಡೇ ಮುಂದಿನ ಕರೆಗೆ ಹೋಗಬೇಕು. ಅಲ್ಲಿಯವರೆಗೆ ಆ ಗಾಡಿಯ ಸರಹದ್ದಿನ ಹಳ್ಳಿಗಳಿಗೆ ದೂರದ ಗಾಡಿಯೇ ಬರಬೇಕು. ಇಂಗ್ಲೆಂಡಿನಲ್ಲಿ ರೋಗಿಯನ್ನು ಒಪ್ಪಿಸಲು 15 ನಿಮಿಷದ ಗುರಿ ಇಟ್ಟಿದ್ದಾರೆ, ಅಲ್ಲೂ ಅದು ಆಗಾಗ ತಪ್ಪುತ್ತದೆ. ಕಾರಣ ಇದೇ, ಒಳಗೆ ಮಂಚವಿಲ್ಲ.

ಈಗ ನಿಮ್ಮ ಕೈಯಲ್ಲಿ ಇರುವ ಸಂಗತಿ. ಮಂಚಕ್ಕೆ ಕಾಯಬಹುದು, ತಪಾಸಣೆಗೆ ಕಾಯಬಾರದು. ಬಂದ ರೋಗಿಯನ್ನು ಮೊದಲು ಕೆಂಪು (ತಕ್ಷಣ ನೋಡಬೇಕಾದವರು), ಹಳದಿ, ಹಸಿರು (ಕಾಯಬಲ್ಲವರು) ಎಂದು ವಿಂಗಡಿಸಬೇಕು. ಇದಕ್ಕೇ ಟ್ರಯಾಜ್ ಎನ್ನುವುದು. ಉಸಿರಾಟ ಕಷ್ಟವಾದವರು, ಪ್ರಜ್ಞೆ ಮಂಕಾದವರು, ನಿಲ್ಲದ ರಕ್ತಸ್ರಾವ ಇರುವವರು ಕೆಂಪಿಗೆ ಸೇರುತ್ತಾರೆ. ಎದೆನೋವಿಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು, ಅದನ್ನು ಸ್ಟ್ರೆಚರ್ ಮೇಲೇ ತೆಗೆಯಬಹುದು. ಆದ್ದರಿಂದ ‘ಬೆಡ್ ಕೊಡಿ’ ಎಂದು ಕೂಗಾಡುವ ಬದಲು ‘ಅಪ್ಪನನ್ನು ಟ್ರಯಾಜ್ ಮಾಡಿದ್ದೀರಾ? ಯಾವ ಬಣ್ಣ?’ ಎಂದು ಕೇಳಿ. ಈ ಒಂದು ಪ್ರಶ್ನೆಗೆ ಕೆಲಸವಾಗುವುದು ಹೆಚ್ಚು.

ಕಾಯುವಾಗ ಆಕ್ಸಿಜನ್ ಸಿಲಿಂಡರಿನ ಮುಳ್ಳಿನ ಮೇಲೆ ಕಣ್ಣಿಡಿ. ಬಿ-ಟೈಪ್ ಎಂಬ ಗಾತ್ರದ ಸಿಲಿಂಡರಿನಲ್ಲಿ ತುಂಬಿದಾಗ ಸುಮಾರು 1500 ಲೀಟರ್ ಇರುತ್ತದೆ. ಚೀಲವಿರುವ ಮಾಸ್ಕಿಗೆ ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ ಬರುತ್ತದೆ, 15 ಲೀಟರ್ ಬಿಟ್ಟರೆ ಒಂದು ಗಂಟೆ 40 ನಿಮಿಷ. ಅರ್ಧ ತುಂಬಿದ ಸಿಲಿಂಡರಿನಲ್ಲಿ ಸಕಲೇಶಪುರದಿಂದ ಹೊರಟರೆ, 10 ಲೀಟರ್ ಬಿಟ್ಟರೂ ಹಾಸನದ ಬಾಗಿಲಲ್ಲಿ ಉಳಿಯುವುದು ಕಾಲು ಗಂಟೆಯಷ್ಟೇ, 15 ಲೀಟರ್ ಬಿಟ್ಟರೆ ದಾರಿಯಲ್ಲೇ ಮುಗಿಯುತ್ತದೆ. ಮುಳ್ಳು ಕೆಂಪು ಗುರುತಿನ ಹತ್ತಿರ ಇಳಿಯುವ ಮೊದಲೇ ಇಎಂಟಿಗೆ ತಿಳಿಸಿ, ಆಸ್ಪತ್ರೆಯ ಆಕ್ಸಿಜನ್ ಲೈನಿಗೆ ಬದಲಿಸಲು ಹೇಳಿ. ಏದುಸಿರಿನವರನ್ನು ಅಂಗಾತ ಮಲಗಿಸಬೇಡಿ, ಸ್ಟ್ರೆಚರಿನ ತಲೆಭಾಗ ಎತ್ತಿಸಿ ಒರಗಿಸಿ. ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ಅಂಕಿ ತೋರಿಸಬಹುದು. ಮಲೆನಾಡಿನ ಮಳೆಗಾಲದ ರಾತ್ರಿಯಲ್ಲಿ ಇದು ಆಗುವಂಥದ್ದೇ. ಕೈ ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ಹಾಕಿಸಿ. ಮಾತು ತೊದಲಿದರೆ, ತುಟಿ ನೀಲಿಗಟ್ಟಿದರೆ, ಮಂಪರು ಹೆಚ್ಚಾದರೆ ಕೂಡಲೇ ನರ್ಸನ್ನು ಕರೆಯಿರಿ. ವಿಂಗಡಣೆ ಒಮ್ಮೆ ಮಾಡಿ ಮುಗಿಯುವ ಕೆಲಸವಲ್ಲ, ಸ್ಥಿತಿ ಬದಲಾದರೆ ಬಣ್ಣವೂ ಬದಲಾಗಬೇಕು.

ಮನೆಯಲ್ಲಿ ಒಂದು ಚೀಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿಡಿ: ಹೆಸರು, ವಯಸ್ಸು, ಇರುವ ಕಾಯಿಲೆ, ದಿನದ ಮಾತ್ರೆಗಳು (ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅಡಿಗೆರೆ ಎಳೆಯಿರಿ), ಒಗ್ಗದ ಔಷಧಿ. ಹೊರಡುವಾಗ ಅದಕ್ಕೆ ತೊಂದರೆ ಶುರುವಾದ ಗಂಟೆ, ಕೊಟ್ಟ ಮಾತ್ರೆ ಮತ್ತು ಕೊಟ್ಟ ಹೊತ್ತು ಸೇರಿಸಿ. ‘ಸಂಜೆ ಹೊತ್ತಿಗೆ’ ಎನ್ನಬೇಡಿ, ‘7.20ಕ್ಕೆ’ ಎನ್ನಿ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯೊಳಗೆ ಎಂಬ ಗಡುವು ಇರುವುದರಿಂದ ಈ ಒಂದು ಅಂಕಿಯ ಮೇಲೇ ಚಿಕಿತ್ಸೆ ನಿಲ್ಲುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ರೆಫರ್ ಆಗಿದ್ದರೆ ಅಲ್ಲಿನ ಡಾಕ್ಟರಿಂದಲೇ ಹಾಸನಕ್ಕೆ ಫೋನ್ ಮಾಡಿಸಿ ಹೊರಡಿ. ಹೇಳದೆ ಬಂದ ಗಾಡಿಗೂ ಹೇಳಿ ಬಂದ ಗಾಡಿಗೂ ಬಾಗಿಲಲ್ಲಿ ಬಹಳ ವ್ಯತ್ಯಾಸವಿದೆ.

ಪ್ರಶ್ನೆ: ಎದೆನೋವು ಬಂದರೆ ತಾಲ್ಲೂಕು ಆಸ್ಪತ್ರೆ ಬಿಟ್ಟು ನೇರ ಜಿಲ್ಲಾ ಕೇಂದ್ರಕ್ಕೆ ಹೋಗುವುದು ಒಳ್ಳೆಯದಲ್ಲವೇ?
– ಮೂಡಿಗೆರೆ

ಉತ್ತರ: ಹತ್ತಿರದಲ್ಲಿ ಇಸಿಜಿ ಇದ್ದರೆ ಮೊದಲು ಅಲ್ಲಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಅದು ರಕ್ತನಾಳಕ್ಕೆ ಹೋದ ಮೇಲೆ ಮುಂದಿನ ಆಸ್ಪತ್ರೆಯ ಬಾಗಿಲಲ್ಲಿ ಸ್ವಲ್ಪ ತಡವಾದರೂ ಮುಖ್ಯ ಕೆಲಸ ಶುರುವಾಗಿರುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ರಾತ್ರಿಯೂ ಈ ಸೌಲಭ್ಯ ಇದೆಯೇ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ.

ಪ್ರಶ್ನೆ: ಅಪಘಾತದ ಗಾಯಾಳುವನ್ನು ಪೊಲೀಸ್ ಕಾಗದ ಆಗುವವರೆಗೆ ಒಳಗೆ ಸೇರಿಸುವುದಿಲ್ಲ ಎನ್ನಬಹುದೇ?
– ಬೇಲೂರು

ಉತ್ತರ: ಇಲ್ಲ. ಮೊದಲು ಜೀವ ಉಳಿಸಬೇಕು, ಕಾನೂನಿನ ಕ್ರಮ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ಬರೆಯುವುದು, ಠಾಣೆಗೆ ತಿಳಿಸುವುದು ಆಸ್ಪತ್ರೆಯ ಕೆಲಸ, ಅದು ಚಿಕಿತ್ಸೆಯ ಜೊತೆಜೊತೆಗೇ ನಡೆಯಬೇಕು. ಗಾಯಾಳುವನ್ನು ಕರೆತಂದ ದಾರಿಹೋಕರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ, ಹೆಸರು ಹೇಳಲೇಬೇಕೆಂದು ಅವರನ್ನು ಬಲವಂತ ಮಾಡುವಂತಿಲ್ಲ. ಆದರೂ ಗಾಯಾಳುವನ್ನು ಕರೆತಂದವರು ನೀವಾಗಿದ್ದರೆ ಹೊರಡುವ ಮುನ್ನ ಎರಡು ಮಾತು ನರ್ಸಿಗೆ ಹೇಳಿ ಹೋಗಿ: ಅಪಘಾತ ಎಷ್ಟು ಗಂಟೆಗೆ ಆಯಿತು, ಗಾಯಾಳು ನಡುವೆ ಎಚ್ಚರ ತಪ್ಪಿದ್ದರೇ. ತಲೆಗೆ ಪೆಟ್ಟಾದವರ ವಿಷಯದಲ್ಲಿ ಇವೆರಡನ್ನು ನಿಮ್ಮನ್ನು ಬಿಟ್ಟು ಬೇರೆ ಯಾರೂ ಹೇಳಲಾರರು.