ಪೆಟ್ಟಿಗೆ ಆಮೇಲೆ, ಮೊದಲು ಹಳೇ ಸೂರು ನೋಡಿ

ಬಾನಾಡಿಗಳ ಬಗ್ಗೆ, ಅಂದರೆ ಸ್ವಿಫ್ಟ್ ಹಕ್ಕಿಗಳ ಬಗ್ಗೆ, ಪ್ರತಿ ವರ್ಷ ಅವೇ ಪ್ರಶ್ನೆಗಳು ಬರುತ್ತವೆ. ಯುರೋಪ್ ಮತ್ತು ಏಷ್ಯಾದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋಗುವ ಸಾಮಾನ್ಯ ಸ್ವಿಫ್ಟ್ ಬಗ್ಗೆ ನಾನು ಹೇಳುತ್ತಿರುವುದು.

ಪ್ರಶ್ನೆ: ಜಾಗೃತಿ ಕಾರ್ಯಕ್ರಮ ಮಾಡಿ ಮನೆಮನೆಗೆ ಗೂಡುಪೆಟ್ಟಿಗೆ ಹಂಚಿದೆವು. ಎರಡು ವರ್ಷವಾದರೂ ಒಂದು ಹಕ್ಕಿಯೂ ಬಂದಿಲ್ಲ. ಜನರ ಉತ್ಸಾಹ ಇಳಿಯುತ್ತಿದೆ. ಏನು ಮಾಡೋಣ?

ಹಂಚುವ ಮೊದಲು ನಿಮ್ಮ ಬೀದಿಯಲ್ಲಿ ಬಾನಾಡಿ ಎಲ್ಲಿ ಗೂಡು ಮಾಡಿದೆ ಅಂತ ಯಾರಾದರೂ ನೋಡಿದ್ದೀರಾ? ಹತ್ತರಲ್ಲಿ ಒಂಬತ್ತು ಗುಂಪಿನವರು ನೋಡಿರುವುದಿಲ್ಲ. ಫೋಟೊ ತೆಗೆಸಿಕೊಂಡು, ಪೆಟ್ಟಿಗೆ ಕೊಟ್ಟು ಮನೆಗೆ ಹೋಗುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ.

ಸೂರಿನ ಸಂದಿಯಲ್ಲಿ ಗೂಡು ಮಾಡಿದ ಜೋಡಿ ವರ್ಷ ವರ್ಷವೂ ಅದೇ ಸಂದಿಗೆ ವಾಪಸ್ ಬರುತ್ತದೆ. ನಿಮ್ಮ ಹೊಸ ಪೆಟ್ಟಿಗೆ ಅದಕ್ಕೆ ಬೇಕಿಲ್ಲ. ಪೆಟ್ಟಿಗೆ ಹಿಡಿಯುವುದು ಹೆಚ್ಚಾಗಿ ಜಾಗ ಹುಡುಕುವ ಎಳೇ ಹಕ್ಕಿಗಳು. ಅವು ಮೊದಲ ಸಲ ಮರಿ ಮಾಡಲು ಮೂರ್ನಾಲ್ಕು ವರ್ಷ ಬೇಕು. ಹುಡುಕುವುದೂ ಈಗಾಗಲೇ ಬಾನಾಡಿಗಳು ಇರುವ ಕಡೆಯೇ. ಅವುಗಳ ಸುಳಿವೇ ಇಲ್ಲದ ಬೀದಿಯಲ್ಲಿ ಪೆಟ್ಟಿಗೆ ಖಾಲಿ ಇದ್ದರೆ ಆಶ್ಚರ್ಯವೇನು?

ಹಾಗಾಗಿ ಮೊದಲ ಕೆಲಸ ನಡಿಗೆ. ಗೂಡಿನ ಕಾಲದಲ್ಲಿ ಸಂಜೆ ಹೊರಡಿ. ಸೂರಿನ ಎತ್ತರದಲ್ಲಿ ಕೀರಲು ದನಿಯಲ್ಲಿ ಕೂಗುತ್ತಾ ಗುಂಪು ಹಾರುತ್ತಿದ್ದರೆ ಹತ್ತಿರದಲ್ಲೇ ಗೂಡಿದೆ ಅಂತ. ಒಂದು ಕಡೆ ನಿಂತು ನೋಡಿ. ಹಕ್ಕಿ ಸರ್ರನೆ ಬಂದು ಸಂದಿಯೊಳಗೆ ಮಾಯವಾಗುತ್ತದೆ; ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಆ ಮನೆಯನ್ನು ಬರೆದುಕೊಳ್ಳಿ. ಮನೆಯವರ ಬಾಗಿಲು ತಟ್ಟಿ, ಹೊರಗೆ ಕರೆದು ತೋರಿಸಿ. ನೂರು ಕರಪತ್ರ ಮಾಡದ ಕೆಲಸವನ್ನು ಆ ಒಂದು ನೋಟ ಮಾಡುತ್ತದೆ.

ಒಮ್ಮೆ ಹಳೇ ಮನೆಯೊಂದರ ಸೂರು ರಿಪೇರಿ ಮಾಡುವಾಗ ಸಂದಿಗಳನ್ನೆಲ್ಲ ಸಿಮೆಂಟು ಹಾಕಿ ಮುಚ್ಚಿಬಿಟ್ಟರು. ಮುಂದಿನ ವಸಂತದಲ್ಲಿ ಬಂದ ಜೋಡಿ ಅದೇ ಜಾಗಕ್ಕೆ ಹಾರಿ ಹಾರಿ ಗೋಡೆಗೆ ಬಡಿದುಕೊಳ್ಳುತ್ತಿತ್ತು. ಮನೆಯವರು ಕೆಟ್ಟವರಲ್ಲ. ಅಲ್ಲಿ ಗೂಡಿತ್ತು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ನಾನೂ ಹೇಳಿರಲಿಲ್ಲ. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ. ಬ್ರಿಟನ್‌ನಲ್ಲಿ 2021ರಲ್ಲಿ ಈ ಹಕ್ಕಿಯನ್ನು ಅಪಾಯದ ಕೆಂಪು ಪಟ್ಟಿಗೆ ಸೇರಿಸಿದರು. ಹೀಗೆ ಸಂದಿ ಮುಚ್ಚಿಹೋಗುವುದೂ ಅವು ಕಡಿಮೆಯಾಗಲು ಒಂದು ಕಾರಣ ಅಂತ ಎಣಿಸುತ್ತಾರೆ. ರಿಪೇರಿಯನ್ನು ಹಕ್ಕಿ ಹೋದ ಮೇಲೆ ಇಟ್ಟುಕೊಳ್ಳಿ, ಆ ಸಂದಿಯನ್ನು ಹಾಗೇ ಬಿಡಿ ಅಂತ ಗಾರೆ ಕೆಲಸದವರಿಗೂ ಹೇಳಿ.

ಆಮೇಲೆ ಪೆಟ್ಟಿಗೆ. ಗೂಡಿರುವ ಮನೆಯ ಅಕ್ಕಪಕ್ಕ ಹಾಕಿ, ಒಂದಲ್ಲ, ಮೂರ್ನಾಲ್ಕು ಒಟ್ಟಿಗೆ. ನೆಲದಿಂದ ಸುಮಾರು 5 ಮೀಟರ್ ಎತ್ತರ, ನೆರಳು ಇರಬೇಕು. ಹಕ್ಕಿ ಕೆಳಗೆ ಜಾರಿ ರೆಕ್ಕೆ ಬಿಚ್ಚುವುದರಿಂದ ಮುಂದೆ ಮರ, ತಂತಿ ಇರಬಾರದು. ಬಾಗಿಲು ಅಡ್ಡ ಸೀಳಿನ ಹಾಗೆ: ಅಗಲ ಸುಮಾರು 65 ಮಿ.ಮೀ., ಎತ್ತರ 28ರಿಂದ 30. ಎತ್ತರ ಜಾಸ್ತಿಯಾದರೆ ಬೇರೆ ಹಕ್ಕಿಗಳು ಆಕ್ರಮಿಸುತ್ತವೆ. ಪೆಟ್ಟಿಗೆಯ ಪಕ್ಕ ಸ್ಪೀಕರ್ ಇಟ್ಟು ಬೆಳಗ್ಗೆ, ಸಂಜೆ ಬಾನಾಡಿಯ ಕೂಗು ಹಾಕಿ. ಎಳೇ ಹಕ್ಕಿಗಳನ್ನು ಕರೆಯಲು ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಆಮೇಲೂ ವರ್ಷಗಟ್ಟಲೆ ಕಾಯಬೇಕಾಗಬಹುದು. ಇದನ್ನು ಜನರಿಗೆ ಮೊದಲೇ ಹೇಳಿಬಿಡಿ.

ಪ್ರಶ್ನೆ: ಕೂರಲು ಕಡ್ಡಿ ಬೇಡವಾ?

ಬೇಡ. ಈ ಹಕ್ಕಿ ಕೊಂಬೆ ಮೇಲೆ ಕೂರುವುದೇ ಇಲ್ಲ. "ಎಲ್ಲ ಹಕ್ಕಿಗೂ ಆಗುತ್ತದೆ" ಅಂತ ಕಡ್ಡಿ ಸಿಕ್ಕಿಸಿ ಮಾರುವವರಿಂದ ಕೊಳ್ಳಬೇಡಿ.

ಪ್ರಶ್ನೆ: ಕಾಳು, ನೀರು ಇಟ್ಟರೆ ಬರುತ್ತವೆಯೇ?

ಇಲ್ಲ. ಹಾರುತ್ತಲೇ ಹುಳ ಹಿಡಿಯುತ್ತವೆ, ಹಾರುತ್ತಲೇ ನೀರು ಕುಡಿಯುತ್ತವೆ.

ಪ್ರಶ್ನೆ: ನೆಲಕ್ಕೆ ಬಿದ್ದ ಬಾನಾಡಿಯನ್ನು ಮೇಲಕ್ಕೆ ಎಸೆದರೆ ಹಾರಿಹೋಗುತ್ತದಂತೆ, ನಿಜವೇ?

ದಯವಿಟ್ಟು ಎಸೆಯಬೇಡಿ. ಗಾಯವಾಗಿದ್ದರೆ ಅಥವಾ ಮರಿಯಾಗಿದ್ದರೆ ಅದು ಕಲ್ಲಿನ ಹಾಗೆ ಬೀಳುತ್ತದೆ. ಹಾಲು, ಬ್ರೆಡ್ಡು, ಸಕ್ಕರೆ ನೀರು ಬಾಯಿಗೆ ಹಾಕುವ "ತಿಳಿದವರ" ಮಾತು ಕೇಳಲೇಬೇಡಿ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿ ಇಟ್ಟು, ಕಾಡುಪಕ್ಷಿ ಚಿಕಿತ್ಸೆ ಗೊತ್ತಿರುವವರಿಗೆ ಅವತ್ತೇ ತಲುಪಿಸಿ.