ಪಿಸಿಆರ್ ಟೆಸ್ಟಲ್ಲಿ ವೈರಸ್ ಇದೆ ಅಂತ ಕೆಲವೇ ಗಂಟೇಲಿ ಹೇಗೆ ಗೊತ್ತಾಗುತ್ತೆ?

ಯಾಕಂದ್ರೆ ಇಲ್ಲಿ ವೈರಸ್ಸನ್ನ ಬೆಳೆಸೋ ಕೆಲಸವೇ ಇಲ್ಲ, ಅದರ ಜೀನ್‌ನ ಒಂದು ಸಣ್ಣ ತುಂಡನ್ನ ಹುಡುಕಿ ಕಾಪಿ ಮಾಡ್ತಾ ಹೋಗೋದು ಅಷ್ಟೇ. ಹಳೇ ವಿಧಾನದಲ್ಲಿ ಲ್ಯಾಬಿನಲ್ಲಿ ಸಾಕಿದ ಜೀವಕೋಶಗಳಲ್ಲಿ ವೈರಸ್ ಬೆಳೆಯೋವರೆಗೂ ಕಾಯ್ಬೇಕು, ಅದಕ್ಕೆ ದಿನಗಟ್ಟಲೆ, ಕೆಲವಕ್ಕೆ ವಾರಗಟ್ಟಲೆ ಹಿಡಿಯುತ್ತೆ.

ಸ್ಯಾಂಪಲ್‌ಗೆ ಪ್ರೈಮರ್ ಅಂತ ಹಾಕ್ತಾರೆ, ಅಂದ್ರೆ ಹುಡುಕ್ತಿರೋ ವೈರಸ್‌ನ ಡಿಎನ್‌ಎಗೆ ಮಾತ್ರ ಅಂಟ್ಕೊಳ್ಳೋ ಹಾಗೆ ತಯಾರು ಮಾಡಿರೋ ಪುಟ್ಟ ಡಿಎನ್‌ಎ ಚೂರು. ಮಷೀನು ಸುಮಾರು 95 ಡಿಗ್ರಿಗೆ ಕಾಯಿಸಿದಾಗ ಡಿಎನ್‌ಎಯ ಎರಡು ಎಳೆ ಬಿಟ್ಕೊಳ್ಳುತ್ತೆ, ಸ್ವಲ್ಪ ತಣಿದಾಗ ಪ್ರೈಮರ್ ಹೋಗಿ ಕೂರುತ್ತೆ, ಅಲ್ಲಿಂದ ಪಾಲಿಮರೇಸ್ ಅನ್ನೋ ಎನ್ಜೈಮು ಹೊಸ ಎಳೆ ಕಟ್ಟುತ್ತೆ, ಒಂದು ಇದ್ದಿದ್ದು ಎರಡಾಯ್ತು. ಮತ್ತೆ ಕಾಯಿಸು, ತಣಿಸು, ಎರಡು ನಾಲ್ಕು, ನಾಲ್ಕು ಎಂಟು, ಹೀಗೆ 30 ಸುತ್ತು ಆಗೋಷ್ಟರಲ್ಲಿ ಲೆಕ್ಕದ ಪ್ರಕಾರ ಒಂದೇ ತುಂಡಿಂದ 100 ಕೋಟಿಗೂ ಜಾಸ್ತಿ ಕಾಪಿ! ನಿಜಕ್ಕೂ ಅದ್ಭುತ ಇದು. ಒಂದೊಂದು ಸುತ್ತಿಗೆ ಒಂದೆರಡು ನಿಮಿಷ ಸಾಕು. ಕಾಪಿ ಹೆಚ್ಚಾದ ಹಾಗೆ ಹೊಳೆಯೋ ಒಂದು ಬಣ್ಣಾನೂ ಸೇರಿಸಿರ್ತಾರೆ, ಮಷೀನು ಆ ಬೆಳಕನ್ನ ಅಳೆಯುತ್ತೆ, ವೈರಸ್ ಇಲ್ಲದಿದ್ರೆ ಪ್ರೈಮರ್‌ಗೆ ಅಂಟೋಕೆ ಜಾಗ ಇಲ್ಲ, ಬೆಳಕು ಏರಲ್ಲ.

ಕೋವಿಡ್, ಡೆಂಗಿ ತರದ ವೈರಸ್‌ಗಳಲ್ಲಿ ಜೀನ್ ಇರೋದು ಡಿಎನ್‌ಎಯಲ್ಲಿ ಅಲ್ಲ, ಅದನ್ನೇ ಹೋಲೋ ಆರ್‌ಎನ್‌ಎಯಲ್ಲಿ, ಅದನ್ನ ಮೊದಲು ಡಿಎನ್‌ಎಗೆ ಬದಲಾಯಿಸ್ಕೋಬೇಕು, ಆರ್‌ಟಿ-ಪಿಸಿಆರ್‌ ಅಂದ್ರೆ ಅದೇ.

ಇನ್ನೊಂದು ಮಾತು, ದೇಹ ವೈರಸ್ ವಿರುದ್ಧ ಹೋರಾಡೋ ಆಂಟಿಬಾಡಿ ಮಾಡೋಕೆ ಮುಂಚೇನೇ ಈ ಟೆಸ್ಟ್ ಸೋಂಕನ್ನ ಹಿಡಿಯಬಹುದು. ಆದ್ರೆ ಸತ್ತ ವೈರಸ್‌ನ ಚೂರುಗಳನ್ನೂ ಇದು ಹಿಡಿಯುತ್ತೆ, ಹಾಗಾಗಿ ಹುಷಾರಾದ ಮೇಲೂ ಕೆಲವರಿಗೆ ವಾರಗಟ್ಟಲೆ ಪಾಸಿಟಿವ್ ಬರ್ತಾ ಇರುತ್ತೆ, ಅಷ್ಟಕ್ಕೇ ಅವರಿಂದ ಬೇರೆಯವರಿಗೆ ಹರಡುತ್ತೆ ಅಂತ ಅಲ್ಲ.