50 ರೂಪಾಯಿ ದಂಡ ಕಟ್ಟಿ ಹೋಗ್ಬಿಡ್ತಾನೆ, ಕಂಪ್ಲೇಂಟ್ ಕೊಟ್ಟು ಏನ್ ಪ್ರಯೋಜನ?

ಪ್ರಾಣಿ ಹಿಂಸೆ ಕೇಸುಗಳ ಬಗ್ಗೆ ಈ ಸಲ ತುಂಬಾ ಪತ್ರ ಬಂದಿದೆ, ಅದಕ್ಕೇ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದೀನಿ.

ಪ್ರಶ್ನೆ: ನಮ್ಮ ಲೇಔಟ್‌ನಲ್ಲಿ ಯಾರೋ ಅನ್ನಕ್ಕೆ ವಿಷ ಬೆರೆಸಿಟ್ಟು ಬೀದಿ ನಾಯಿಗಳನ್ನ ಸಾಯಿಸಿದಾರೆ. ಯಾರು ಅಂತ ಹೆಚ್ಚುಕಮ್ಮಿ ಎಲ್ರಿಗೂ ಗೊತ್ತು, ಸಿಸಿಟಿವಿನಲ್ಲೂ ಅಲ್ಪಸ್ವಲ್ಪ ಕಾಣತ್ತೆ. ಸ್ಟೇಷನ್‌ಗೆ ಹೋದ್ರೆ ಎನ್‌ಸಿಆರ್ (ಎಫ್‌ಐಆರ್ ಹಾಕದೆ ಬರೀ ದೂರು ಬರೆದುಕೊಳ್ಳೋ ವರದಿ) ಬರೆದು ಚೀಟಿ ಕೊಟ್ಟು, "ಇದಕ್ಕೆ 50 ರೂಪಾಯಿ ಫೈನ್ ಅಷ್ಟೇ ಮೇಡಂ, ಸುಮ್ನೆ ಯಾಕೆ ಓಡಾಡ್ತೀರಾ" ಅಂದ್ರು. ನಿಜವಾಗ್ಲೂ ಅಷ್ಟೇನಾ?

ಉತ್ತರ: ಅಲ್ಲ. ಅಷ್ಟೇ ಅಂತ ನಂಬ್ಕೊಂಡು ಜನ ವಾಪಸ್ ಬರೋದ್ರಿಂದಾನೇ ಎಷ್ಟೋ ಕೇಸು ಸ್ಟೇಷನ್ ಬಾಗಿಲಲ್ಲೇ ಮುಗಿದುಹೋಗತ್ತೆ.

50 ರೂಪಾಯಿ ಅನ್ನೋದು ಸುಳ್ಳಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ 10ರಿಂದ 50 ರೂಪಾಯಿ ದಂಡ, ಮೂರು ವರ್ಷದೊಳಗೆ ಮತ್ತೆ ಮಾಡಿದ್ರೆ 25ರಿಂದ 100 ರೂಪಾಯಿ ಇಲ್ಲಾ ಮೂರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಆ 50ರ ಮಿತಿ 1960ರಿಂದ ಒಂದು ಪೈಸೆ ಏರಿಲ್ಲ, ಇದನ್ನ ಬರೆಯೋವಾಗಲೂ ನಂಗೆ ಸಿಟ್ಟು ಬರತ್ತೆ. ಆದ್ರೆ ನಿಮ್ಮ ಕೇಸಿಗೆ ಇದೊಂದೇ ಸೆಕ್ಷನ್ ಅಲ್ವಲ್ಲ! ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇದೆ, ಯಾವುದೇ ಪ್ರಾಣಿನ ಕೊಲ್ಲೋದು, ವಿಷ ಹಾಕೋದು, ಅಂಗ ಊನ ಮಾಡೋದು ಎಲ್ಲಾ ಅದರಲ್ಲಿ ಬರತ್ತೆ, ಐದು ವರ್ಷದವರೆಗೆ ಜೈಲು, ಮತ್ತೆ ಅದು ಕಾಗ್ನಿಜಬಲ್, ಅಂದ್ರೆ ಪೊಲೀಸರು ಕೋರ್ಟ್ ಪರ್ಮಿಷನ್ ಕಾಯದೆ ಎಫ್‌ಐಆರ್ ಹಾಕಿ ತನಿಖೆ ಮಾಡಬೇಕಾದ ಅಪರಾಧ. ಹಳೇ ಐಪಿಸಿಯ 428, 429ರಲ್ಲಿ ಪ್ರಾಣಿಗೆ ಇಷ್ಟು ರೂಪಾಯಿ ಬೆಲೆ ಇರಬೇಕು ಅಂತ ಲೆಕ್ಕ ಇತ್ತು, ಬೀದಿ ನಾಯಿಗೆ ಬೆಲೆ ಎಲ್ಲಿದೆ ಅಂತ ವಾದ ಬರ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಬೆಲೆ ಲೆಕ್ಕಾನೇ ಇಲ್ಲ. 1960ರ ಕಾಯಿದೆಯಲ್ಲೂ ಪ್ರಾಣಿನ ಕ್ರೂರವಾಗಿ ಕೊಲ್ಲೋದು, ಅಂದ್ರೆ 11(1)ರ ಎಲ್ ಉಪವಿಧಿ, 31ನೇ ಸೆಕ್ಷನ್ ಪ್ರಕಾರ ಕಾಗ್ನಿಜಬಲ್ಲೇ. ಒಂದೇ ಕೇಸಲ್ಲಿ ಒಂದು ಅಪರಾಧ ಕಾಗ್ನಿಜಬಲ್ ಆದ್ರೂ ಸಾಕು, ಇಡೀ ಕೇಸನ್ನ ಹಾಗೇ ನೋಡಬೇಕು. ಅಂದ್ಮೇಲೆ ವಿಷ ಹಾಕಿ ಕೊಂದಿದ್ದಕ್ಕೆ ಎನ್‌ಸಿಆರ್ ಕೊಟ್ಟು ಕಳಿಸೋ ಹಾಗೇ ಇಲ್ಲ.

ಈಗ ಮಾಡಬೇಕಾದ್ದು. ಕಂಪ್ಲೇಂಟ್‌ನ ಬರವಣಿಗೆಯಲ್ಲಿ ಕೊಡಿ, ಸೆಕ್ಷನ್ ನಂಬರ್ ನೀವೇ ಬರೆದುಬಿಡಿ. ತಗೊಳ್ಳಲಿಲ್ಲ ಅಂದ್ರೆ ಅದೇ ಕಂಪ್ಲೇಂಟ್‌ನ ಎಸ್‌ಪಿಗೆ, ನಗರದಲ್ಲಾದ್ರೆ ಡಿಸಿಪಿಗೆ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಹಳೇ ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173(4) ಈ ದಾರಿ ಕೊಡತ್ತೆ, ಅಲ್ಲೂ ಆಗ್ಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಹತ್ರ ಹೋಗಬಹುದು. ಇನ್ನೊಂದು ವಿಷ್ಯ, 325 ಇರೋದು ಆಸ್ತಿಗೆ, ಜನಕ್ಕೆ ನಷ್ಟ ಮಾಡೋ ಅಪರಾಧಗಳ ಸಾಲಲ್ಲಿ, ಹಾಗಾಗಿ ನಾಯಿಗೆ ಓನರ್ರೇ ಇಲ್ಲ, ನಷ್ಟ ಯಾರಿಗೆ ಅಂತ ಆ ಕಡೆ ಲಾಯರ್ ಕೇಳೇ ಕೇಳ್ತಾರೆ. ಈ ನಾಯಿಗಳಿಗೆ ಇಂಥವರು ಊಟ ಹಾಕ್ತಿದ್ರು, ಸಂತಾನಹರಣ ಆಪರೇಷನ್ ಆಗಿತ್ತು, ರೇಬೀಸ್ ಇಂಜೆಕ್ಷನ್ ಆಗಿತ್ತು, 2023ರ ಎಬಿಸಿ (ಪ್ರಾಣಿ ಜನನ ನಿಯಂತ್ರಣ) ನಿಯಮಗಳ ಪ್ರಕಾರ ಇವು ಸಮುದಾಯದ ಪ್ರಾಣಿಗಳು ಅಂತ ಕಂಪ್ಲೇಂಟ್‌ನಲ್ಲೇ ಹಾಕಿ, ಕಾರ್ಡ್ ಬಿಲ್ ಏನಿದ್ರೂ ಲಗತ್ತಿಸಿ.

ಇನ್ನು ಪೋಸ್ಟ್‌ಮಾರ್ಟಮ್. ನಿಮ್ಮ ಪತ್ರದಲ್ಲಿ ಇದರ ಮಾತೇ ಇಲ್ಲ, ನಂಗೆ ಭಯ ಆಗಿದ್ದು ಅದಕ್ಕೇ. ಸತ್ತಿದ್ದು ನೋಡಿ ಸಂಕಟ ಆಗಿ ಜನ ಅವತ್ತೇ ಪಾಪ ಅಂತ ಮಣ್ಣು ಮಾಡಿಬಿಡ್ತಾರೆ, ಅಲ್ಲಿಗೆ ಸಾಕ್ಷಿನೂ ಮಣ್ಣು ಸೇರತ್ತೆ. ಮಣ್ಣು ಮಾಡಬೇಡಿ. ದೇಹಾನ ನೆರಳಲ್ಲಿ, ಐಸ್ ಸಿಕ್ಕಿದ್ರೆ ಐಸ್ ಮೇಲೆ ಇಟ್ಟು, ಪೊಲೀಸ್ ರಿಕ್ವಿಸಿಷನ್ ಲೆಟರ್ ಜೊತೆ ಸರ್ಕಾರಿ ಪಶು ಆಸ್ಪತ್ರೆಗೆ ತಗೊಂಡು ಹೋಗಬೇಕು. ಡಾಕ್ಟರು ಹೊಟ್ಟೆಯೊಳಗಿನ ಆಹಾರ, ಲಿವರ್, ಕಿಡ್ನಿ ತುಂಡು ತೆಗೆದು ಬೇರೆ ಬೇರೆ ಬಾಟ್ಲಲ್ಲಿ ಹಾಕಿ ಸೀಲ್ ಮಾಡ್ತಾರೆ, ಅದು ಎಫ್‌ಎಸ್‌ಎಲ್‌ಗೆ, ಅಂದ್ರೆ ಫೋರೆನ್ಸಿಕ್ ಲ್ಯಾಬ್‌ಗೆ ಹೋಗತ್ತೆ. ವಿಷ ಪರೀಕ್ಷೆಗೆ ಹೋಗೋ ಸ್ಯಾಂಪಲ್‌ನ ಗಟ್ಟಿ ಉಪ್ಪುನೀರಲ್ಲಿ ಇಡೋದು, ಫಾರ್ಮಲಿನ್‌ಗೆ ಹಾಕಿದ್ರೆ ಪರೀಕ್ಷೆಗೇ ತೊಂದರೆ, ಗಡಿಬಿಡಿಯಲ್ಲಿ ಇದು ತಪ್ಪೋ ಚಾನ್ಸ್ ಇರತ್ತೆ, ಹಾಗಾಗಿ ವಿನಯವಾಗಿ ಒಂದು ಮಾತು ಕೇಳಿದ್ರೆ ತಪ್ಪೇನಿಲ್ಲ. ಪಕ್ಕದಲ್ಲಿ ಉಳಿದ ಅನ್ನ ಬಿದ್ದಿದ್ರೆ ನೀವು ಮುಟ್ಟಬೇಡಿ, ಫೋಟೋ ತೆಗೆದು ಪೊಲೀಸರಿಂದ ಮಹಜರ್ ಮಾಡಿಸಿ. ಸಿಸಿಟಿವಿ ಫೂಟೇಜ್ ತಾನಾಗೇ ಅಳಿಸಿಹೋಗೋ ಮೊದ್ಲೇ ಕಾಪಿ ಮಾಡಿಸಿಕೊಳ್ಳಿ, ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಆದ ಕ್ಲಿಪ್ ನಂಬ್ಕೋಬೇಡಿ. ಕೋರ್ಟಿಗೆ ಕೊಡೋವಾಗ ಡಿಜಿಟಲ್ ರೆಕಾರ್ಡ್‌ನ ದೃಢೀಕರಿಸೋ ಸರ್ಟಿಫಿಕೇಟ್, ಅಂದ್ರೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಸರ್ಟಿಫಿಕೇಟ್ ಬೇಕು, ಒರಿಜಿನಲ್ ರೆಕಾರ್ಡಿಂಗ್ ಇದ್ರೆ ಅದು ಸುಲಭ.

ಪ್ರಶ್ನೆ: ಪಕ್ಕದ ಮನೆಯವರು ನಾಯಿನ ಟೆರೇಸ್ ಮೇಲೆ ಬಿಸಿಲಲ್ಲೇ ಕಟ್ಟಿಹಾಕಿರ್ತಾರೆ, ನೀರಿನ ಬಟ್ಲು ಯಾವಾಗ್ಲೂ ಖಾಲಿ. ಹೇಳಿ ಹೇಳಿ ಸಾಕಾಗಿದೆ.

ಉತ್ತರ: ಇದು 1960ರ ಕಾಯಿದೆಯ 11(1)ರ ಎಫ್ ಮತ್ತು ಎಚ್ ಉಪವಿಧಿ, ತೀರಾ ಚಿಕ್ಕ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟೋದು ಮತ್ತೆ ಅನ್ನ ನೀರು ನೆರಳು ಕೊಡದೆ ಇರೋದು. ಇಲ್ಲಿ ಎನ್‌ಸಿಆರ್ ಆಗೋದು ಸಹಜ, ಯಾಕಂದ್ರೆ ಇವು ಕಾಗ್ನಿಜಬಲ್ ಅಲ್ಲ. ಆದ್ರೆ ಎನ್‌ಸಿಆರ್‌ಗೆ ನಿಲ್ಲಬಾರದು, ತನಿಖೆಗೆ ಅನುಮತಿ ಕೇಳಿ ಮ್ಯಾಜಿಸ್ಟ್ರೇಟ್‌ಗೆ ರೆಫರ್ ಮಾಡಿ ಅಂತ ಸ್ಟೇಷನ್‌ನಲ್ಲೇ ಬರವಣಿಗೆಯಲ್ಲಿ ಕೇಳಿ. ಬೇರೆ ಬೇರೆ ದಿನದ ಫೋಟೋ ತಾರೀಕಿನ ಸಮೇತ ಇಟ್ಕೊಳ್ಳಿ, ನಿಮ್ಮ ಮನೆಯಿಂದಾನೇ ತೆಗೀರಿ, ಅವರ ಕಾಂಪೌಂಡ್ ಹಾರಬೇಡಿ. ಈ ಕಾಯಿದೆ ಕೆಳಗೆ ಕೇಸಿಗೆ ಮೂರು ತಿಂಗಳ ಗಡುವಿದೆ, 36ನೇ ಸೆಕ್ಷನ್, ಅದಾದ್ಮೇಲೆ ಪ್ರಾಸಿಕ್ಯೂಷನ್ನೇ ನಡೆಯಲ್ಲ, ಹಾಗಾಗಿ ನೋಡೋಣ ನೋಡೋಣ ಅಂತ ಕೂರಬೇಡಿ. ಅಪರಾಧ ಸಾಬೀತಾದ್ರೆ, ಪ್ರಾಣಿ ಆರೋಪಿಯದ್ದೇ ಆಗಿದ್ರೆ, 29ನೇ ಸೆಕ್ಷನ್ ಕೆಳಗೆ ಕೋರ್ಟು ಅದನ್ನ ಅವರಿಂದ ತಪ್ಪಿಸಬಹುದು. ಆ ನಾಯಿಗೆ ದಂಡಕ್ಕಿಂತ ಇದೇ ಮುಖ್ಯ.

ಪ್ರಶ್ನೆ: ನಾವು ಮೇಣದಬತ್ತಿ ಹಿಡ್ಕೊಂಡು ನಡೆದ್ವಿ, ಆನ್‌ಲೈನ್ ಪಿಟಿಷನ್‌ಗೆ ಸಹಿ ಹಾಕಿಸಿದ್ವಿ, ಹ್ಯಾಶ್‌ಟ್ಯಾಗ್ ಮಾಡಿದ್ವಿ. ಒಂದು ವಾರ ಗಲಾಟೆ, ಆಮೇಲೆ ಎಲ್ರೂ ಮರೆತ್ರು. ಶಿಕ್ಷೆ ಆಗೋ ಥರ ಒತ್ತಡ ಹಾಕೋದು ಹೇಗೆ?

ಉತ್ತರ: ನಡೆದಿದ್ದು ವೇಸ್ಟ್ ಅಲ್ಲ, ಎಷ್ಟೋ ಕಡೆ ಎಫ್‌ಐಆರ್ ಆಗೋದೇ ಆ ಗಲಾಟೆಯಿಂದ. ಆದ್ರೆ ಕೇಸ್ ಸೋಲೋದು ಆಮೇಲೆ, ಯಾರೂ ನೋಡ್ದೇ ಇರೋವಾಗ. ಚಾರ್ಜ್‌ಶೀಟ್‌ನಲ್ಲಿ 325 ಬಿಟ್ಟು 11 ಮಾತ್ರ ಉಳಿಯತ್ತೆ, ಸಾಕ್ಷಿಗಳು ಬರಲ್ಲ, ಆರೋಪಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮಧ್ಯಾಹ್ನಕ್ಕೆ ಮನೆಗೆ ಹೋಗ್ತಾನೆ. ಅದಕ್ಕೇ ನಾನು ಹೇಳೋದು, ನಿಮ್ಮ ಗುಂಪಲ್ಲಿ ಇಬ್ರು ಮೂವರು ಒಂದೇ ಒಂದು ಕೇಸ್ ಹಿಡ್ಕೊಂಡು ಕೊನೇವರೆಗೂ ಹೋಗಿ. ಕಂಪ್ಲೇಂಟ್ ಕೊಟ್ಟವರಿಗೆ ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರು 90 ದಿನದೊಳಗೆ ತಿಳಿಸಬೇಕು, ಇದು ನಾಗರಿಕ ಸುರಕ್ಷಾ ಸಂಹಿತೆಯ 193ನೇ ಸೆಕ್ಷನ್‌ನಲ್ಲೇ ಇದೆ, ಕೇಳಿ ತಗೊಳ್ಳಿ. ಚಾರ್ಜ್‌ಶೀಟ್ ಆದ್ಮೇಲೆ ಸರ್ಕಾರಿ ಅಭಿಯೋಜಕರನ್ನ ಭೇಟಿ ಮಾಡಿ, ಅವರ ಟೇಬಲ್ ಮೇಲೆ ಫೈಲ್ ರಾಶಿನೇ ಇರತ್ತೆ, ಪೋಸ್ಟ್‌ಮಾರ್ಟಮ್ ರಿಪೋರ್ಟು, ಎಫ್‌ಎಸ್‌ಎಲ್ ರಿಪೋರ್ಟು, ಸಾಕ್ಷಿಗಳ ಪಟ್ಟಿ ಎಲ್ಲ ಜೋಡಿಸಿ ಒಂದು ಪುಟದ ಟಿಪ್ಪಣಿ ಕೊಟ್ರೆ ಅವರಿಗೂ ಅನುಕೂಲ. ಪ್ರತಿ ಡೇಟ್‌ಗೂ ಒಬ್ರು ಹೋಗಿ ಕೂತ್ಕೊಳ್ಳಿ, ಸಾಕ್ಷಿ ಹೇಳೋರನ್ನ ಜೊತೆಗೆ ಕರ್ಕೊಂಡು ಹೋಗಿ, ಅವತ್ತಿನ ಸಂಬಳ ಹೋಗತ್ತೆ ಅನ್ನೋ ಕಾರಣಕ್ಕೇ ಎಷ್ಟೋ ಜನ ಬರಲ್ಲ, ಅದನ್ನ ನಾಲ್ಕು ಜನ ಸೇರಿ ನೋಡ್ಕೊಳ್ಳಿ. ಜೊತೆಗೆ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, ನಮ್ಮ ಜಿಲ್ಲೆಯಲ್ಲಿ ಈ ಸೆಕ್ಷನ್‌ಗಳಲ್ಲಿ ಎಷ್ಟು ಎಫ್‌ಐಆರ್, ಎಷ್ಟು ಚಾರ್ಜ್‌ಶೀಟ್, 2001ರ ನಿಯಮಗಳ ಪ್ರಕಾರ ಇರಬೇಕಾದ ಜಿಲ್ಲಾ ಎಸ್‌ಪಿಸಿಎ (ಪ್ರಾಣಿ ಹಿಂಸೆ ತಡೆ ಸಂಘ) ಕೊನೇ ಸಲ ಸಭೆ ಸೇರಿದ್ದು ಯಾವಾಗ ಅಂತ. ಬಂದ ಉತ್ತರ ಹಿಡ್ಕೊಂಡು ಡಿಸಿ ಹತ್ರ, ಶಾಸಕರ ಹತ್ರ ಹೋದ್ರೆ ಮಾತಿಗೆ ತೂಕ ಬರತ್ತೆ.

ಕಾಯಿದೆ ಬದಲಾಗೋದಂತೂ ಬೇಕೇ ಬೇಕು. ಈ ಕಾಯಿದೆ ಬಂದಿದ್ದೇ ಒಬ್ಬರ ಹಠದಿಂದ, ರಾಜ್ಯಸಭೆಗೆ ನಾಮನಿರ್ದೇಶನ ಆಗಿದ್ದ ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಖಾಸಗಿ ಮಸೂದೆ ತಂದ್ರು, ಸರ್ಕಾರಾನೇ ತರತ್ತೆ ಅಂತ ನೆಹರೂ ಭರವಸೆ ಕೊಟ್ಮೇಲೆ ಅದನ್ನ ವಾಪಸ್ ತಗೊಂಡ್ರು, ಕೊನೆಗೆ 1960ರಲ್ಲಿ ಆಯ್ತು. 2014ರ ಮೇ 7ರ ಜಲ್ಲಿಕಟ್ಟು ತೀರ್ಪಲ್ಲಿ ಸುಪ್ರೀಂ ಕೋರ್ಟೇ ಈ ದಂಡ ಸಾಲದು, ಸಂಸತ್ತು ತಿದ್ದುಪಡಿ ತರಬೇಕು ಅಂತು. 2022ರ ನವೆಂಬರ್‌ನಲ್ಲಿ ಕೇಂದ್ರ ಕರಡು ಮಸೂದೆ ಹೊರಗೆ ಬಿಟ್ಟು ಜನರ ಅಭಿಪ್ರಾಯ ಕೇಳ್ತು, ಕೊಂದ್ರೆ ಐದು ವರ್ಷದವರೆಗೆ ಶಿಕ್ಷೆ ಅಂತ ಅದರಲ್ಲಿತ್ತು, ಅದು ಇನ್ನೂ ಕಾಯಿದೆ ಆಗಿಲ್ಲ. ನಿಮ್ಮ ಸಂಸದರಿಗೆ "ಕಠಿಣ ಕ್ರಮ ಆಗ್ಲಿ" ಅಂತ ಬರೆದ್ರೆ ಅವರು ಏನ್ ಮಾಡಬೇಕು ಹೇಳಿ? ಆ ಕರಡು ಯಾವ ಹಂತದಲ್ಲಿದೆ, ಸದನದಲ್ಲಿ ಪ್ರಶ್ನೆ ಕೇಳಿ ಅಂತ ಬರೀರಿ, ಅದಕ್ಕೆ ಉತ್ತರ ಕೊಡಲೇಬೇಕಾಗತ್ತೆ.

ಪ್ರಶ್ನೆ: ಮನುಷ್ಯರ ಕೇಸುಗಳೇ ವರ್ಷಗಟ್ಟಲೆ ಕೊಳೀತಿವೆ. ನಾಯಿ ಬೆಕ್ಕಿಗೆಲ್ಲ ಕೋರ್ಟ್ ಟೈಮ್ ಯಾಕೆ?

ಉತ್ತರ: ನಿಮ್ಮ ಬೇಜಾರು ಅರ್ಥ ಆಗತ್ತೆ, ಆದ್ರೆ ಒಪ್ಪಲ್ಲ. ಮನೇಲಿ ಹೆಂಡ್ತಿ ಮಕ್ಕಳನ್ನ ಹೆದರಿಸೋಕೆ ಸಾಕಿದ ಪ್ರಾಣಿನೇ ಹೊಡೆಯೋ ಗಂಡಸರಿದಾರೆ, ಅಂಥ ಮನೆಯಿಂದ ಬಂದ ನಾಯಿ ಕಂಪ್ಲೇಂಟ್‌ನ ಸೀರಿಯಸ್ಸಾಗಿ ತಗೊಂಡ್ರೆ ಒಳಗಿರೋ ಮನುಷ್ಯರಿಗೂ ಮೊದ್ಲೇ ಸಹಾಯ ಸಿಗಬಹುದು. ಅಮೆರಿಕದ ಎಫ್‌ಬಿಐ 2016ರಿಂದ ಪ್ರಾಣಿ ಹಿಂಸೆನ ಅಪರಾಧ ಅಂಕಿಅಂಶದಲ್ಲಿ ಪ್ರತ್ಯೇಕ ವಿಭಾಗ ಮಾಡಿ ಲೆಕ್ಕ ಇಡ್ತಿದೆ. ಇದ್ಯಾವುದೂ ಇಲ್ದಿದ್ರೂ ನನ್ನ ಉತ್ತರ ಅದೇ, ನೋವು ಅದಕ್ಕೂ ಆಗತ್ತೆ.

ಪ್ರಶ್ನೆ: ಬೆಕ್ಕಿನ ಮರಿನ ಹಿಂಸೆ ಮಾಡೋ ವಿಡಿಯೋ ನಮ್ಮ ಗ್ರೂಪಿಗೆ ಬಂತು. ಹುಡುಗನಿಗೆ ಹದಿನೈದು ಇರಬಹುದು. ಮುಖ ಸಮೇತ ಎಲ್ಲ ಕಡೆ ಹಾಕಿ ಮರ್ಯಾದೆ ತೆಗೀಬೇಕು ಅಂತಿದಾರೆ.

ಉತ್ತರ: ದಯವಿಟ್ಟು ಹಾಕಬೇಡಿ, ಹಾಕೋರನ್ನೂ ತಡೀರಿ. ಬಾಲನ್ಯಾಯ ಕಾಯಿದೆಯ 74ನೇ ಸೆಕ್ಷನ್ ಪ್ರಕಾರ ಕಾನೂನಿನ ಜೊತೆ ಸಂಘರ್ಷಕ್ಕೆ ಬಂದ ಮಗುವಿನ ಗುರುತು ಪ್ರಕಟಿಸೋದೇ ಅಪರಾಧ, ಹುಡುಗನ ಬದಲು ನೀವೇ ಸಿಕ್ಕಿಹಾಕ್ಕೋತೀರಾ. ಹಾಗಂತ ಬಿಟ್ಟುಬಿಡಿ ಅಂತಲ್ಲ, ಕಂಪ್ಲೇಂಟ್ ಕೊಟ್ರೆ ಅದು ಬಾಲನ್ಯಾಯ ಮಂಡಳಿಗೆ ಹೋಗತ್ತೆ, ಅಲ್ಲಿ ಕೌನ್ಸೆಲಿಂಗ್ ಮಾಡಿಸೋ ಅಧಿಕಾರ ಇದೆ, ಆ ವಯಸ್ಸಿನ ಹುಡುಗನಿಗೆ ಬೇಕಾಗಿರೋದೂ ಅದೇ. ವಿಡಿಯೋ ಮೊದ್ಲು ಯಾರಿಂದ ಬಂತು ಅಂತ ಸ್ಕ್ರೀನ್‌ಶಾಟ್ ತೆಗೆದಿಡಿ, ಕ್ಲಿಪ್ ಡಿಲೀಟ್ ಮಾಡದೆ ಪೊಲೀಸರಿಗೆ ಮಾತ್ರ ಕೊಡಿ, ಮತ್ತೆ ಆ ಮರಿ ಇನ್ನೂ ಬದುಕಿದ್ಯಾ ಅಂತ ಇವತ್ತೇ ಯಾರಾದ್ರೂ ಹೋಗಿ ನೋಡಿ.